ಮೇಕ್‌ಫೈಲಿನ ಮಾತು, ನಮ್ಮ ಮಾತು

ಸೊನ್ನೆಗೆ ಒಂದನ್ನು ಎರಡು ಕೋಟಿ ಸಲ ಕೂಡುವ ಪ್ರೋಗ್ರಾಮೊಂದನ್ನು ಫೋರ್ಟ್ರಾನ್ ಭಾಷೆಯಲ್ಲಿ ಬರೆದೆವೆನ್ನೋಣ. ಮೊತ್ತವನ್ನು ‘ರಿಯಲ್’ ಎಂಬ ಬಗೆಯ ಸಂಖ್ಯೆಯಾಗಿ ಇಟ್ಟಿದ್ದೇವೆ. ನಿನ್ನೆ ಬಂದ ಉತ್ತರ 2,00,00,000. ಇಂದು ಅದೇ ಪ್ರೋಗ್ರಾಮು, ಒಂದಕ್ಷರವೂ ಬದಲಾಗದೆ, 1,67,77,216 ಎನ್ನುತ್ತಿದೆ. ಲೆಕ್ಕ ತಪ್ಪಿದುದೆಲ್ಲಿ?

ಮೂಲಪಾಠವನ್ನು ಯಂತ್ರಭಾಷೆಗೆ ತರುವುದು ಕಂಪೈಲರಿನ ಕೆಲಸ. ಯಾವ ಕಡತವನ್ನು ಯಾವ ಸೂಚನೆಗಳೊಡನೆ ಅದಕ್ಕೆ ಒಪ್ಪಿಸಬೇಕೆಂಬುದನ್ನು ಮೇಕ್‌ಫೈಲಿನಲ್ಲಿ ಬರೆದಿಡುವುದುಂಟು. ಇದನ್ನು ಓದಿ ನಡೆಸುವ ‘ಮೇಕ್’ ಎಂಬ ಸಾಧನವನ್ನು ಬೆಲ್ ಪ್ರಯೋಗಾಲಯದ ಸ್ಟೂವರ್ಟ್ ಫೆಲ್ಡ್‌ಮನ್ 1976ರಲ್ಲಿ ರಚಿಸಿದರು. ಫೋರ್ಟ್ರಾನಿನ ಸೂಚನೆಗಳು ರೂಢಿಯಂತೆ ‘ಎಫ್‌ಫ್ಲ್ಯಾಗ್ಸ್’ ಎಂಬ ಚರದಲ್ಲಿರುತ್ತವೆ. ಸಿ ಭಾಷೆಯವು ‘ಸಿಫ್ಲ್ಯಾಗ್ಸ್’ನಲ್ಲಿ.

ನಮ್ಮ ಮೇಕ್‌ಫೈಲಿನ ಈ ಚರದಲ್ಲಿ ಎರಡು ಸೂಚನೆಗಳಿದ್ದುವು. ವೇಗಕ್ಕಾಗಿ ‘-ಓ2’ ಒಂದು. ರಿಯಲ್ ಸಂಖ್ಯೆಗೆ 4 ಬೈಟುಗಳ ಬದಲು 8 ಬೈಟುಗಳನ್ನು ಕೊಡಬೇಕೆಂದು ಜಿಫೋರ್ಟ್ರಾನ್ ಕಂಪೈಲರಿಗೆ ತಿಳಿಸುವ ‘-ಎಫ್‌ಡಿಫಾಲ್ಟ್-ರಿಯಲ್-8’ ಇನ್ನೊಂದು. ಇಂದು ದೋಷ ಹುಡುಕಲು ಅನುಕೂಲವಾಗಲೆಂದು ಹಳೆಯ ಫಲಕಡತಗಳನ್ನು ಅಳಿಸಿ, ‘ಮೇಕ್ ಎಫ್‌ಫ್ಲ್ಯಾಗ್ಸ್=-ಜಿ’ ಎಂದು ಆಜ್ಞೆಯಿತ್ತೆವು. (ಅಳಿಸದಿದ್ದರೆ ಮೇಕ್ ಏನನ್ನೂ ಮಾಡುತ್ತಿರಲಿಲ್ಲ. ಅದು ನೋಡುವುದು ಕಡತಗಳ ಕಾಲವನ್ನು ಮಾತ್ರ. ಸೂಚನೆ ಬದಲಾದುದು ಅದಕ್ಕೆ ತಿಳಿಯದು.)

ಇದ್ದ ಸೂಚನೆಗಳೊಡನೆ ‘-ಜಿ’ಯೂ ಸೇರಿಕೊಳ್ಳುವುದೆಂದು ನಮ್ಮ ಎಣಿಕೆ. ಆದರೆ ಆಜ್ಞಾಸಾಲಿನಲ್ಲಿ ಕೊಟ್ಟ ಬೆಲೆಯ ಮುಂದೆ ಮೇಕ್‌ಫೈಲಿನ ಬೆಲೆ ಇಡಿಯಾಗಿ ಬಿದ್ದುಹೋಗುತ್ತದೆ. ಮೇಕ್‌ಫೈಲಿನಲ್ಲಿ ‘+=’ ಬಳಸಿ ಸೇರಿಸಿದ್ದರೂ ಅಷ್ಟೆ. ಹೀಗೆ ರಿಯಲ್ ಸಂಖ್ಯೆ ಮತ್ತೆ 4 ಬೈಟಿನದಾಯಿತು. ಅದರಲ್ಲಿ ಸಂಖ್ಯೆಯ ಅಂಕಿಗಳಿಗೆ ದೊರೆಯುವುದು 24 ಬಿಟ್ಟುಗಳ ನಿಖರತೆ. ಎರಡರ 24ನೆಯ ಘಾತವೇ 1,67,77,216. ಇದಕ್ಕೆ ಒಂದನ್ನು ಕೂಡಿದರೆ ಬರುವ ಬೆಸಸಂಖ್ಯೆಯನ್ನು ಬರೆಯಲು ಎಡೆಯಿಲ್ಲ. ಮೊತ್ತವು ಇದ್ದಲ್ಲಿಗೇ ದುಂಡಾಗುತ್ತದೆ. ಉಳಿದ ಮೂವತ್ತೆರಡು ಲಕ್ಷಕ್ಕೂ ಮಿಕ್ಕ ಸಂಕಲನಗಳು ನೀರಿನಲ್ಲಿಟ್ಟ ಹೋಮ. ಕಂಪೈಲರು ಮಾತ್ರ ಚಕಾರವೆತ್ತಲಿಲ್ಲ. ಅದರ ಮಟ್ಟಿಗೆ ಯಾವ ತಪ್ಪೂ ನಡೆದಿಲ್ಲವಷ್ಟೆ.

ಶೆಲ್ಲಿನ ಪರಿಸರಚರದ ಮೂಲಕ ಇದೇ ಬೆಲೆಯನ್ನು ಕೊಟ್ಟಿದ್ದರೆ, ‘-ಇ’ ಎಂಬ ಆಯ್ಕೆಯನ್ನು ಬಳಸದ ಹೊರತು, ಮೇಕ್‌ಫೈಲೇ ಗೆಲ್ಲುತ್ತಿತ್ತು.

ಗ್ನು ಮೇಕ್‌ನಲ್ಲಿ ಚರದ ಹಿಂದೆ ‘ಓವರ್‌ರೈಡ್’ ಎಂದು ಬರೆದು ‘+=’ ಬಳಸಿದರೆ, ಆಜ್ಞಾಸಾಲಿನ ಬೆಲೆಗೂ ನಮ್ಮ ಸೂಚನೆ ಸೇರಿಕೊಳ್ಳುತ್ತದೆ. ಇದು ನಮಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಗ್ನು ಸಂಸ್ಥೆಯ ನಿಯಮಾವಳಿಯಂತೆ ಸಿಫ್ಲ್ಯಾಗ್ಸ್ ಚರವು ಬಳಕೆದಾರನ ಸ್ವತ್ತು. ಪ್ರೋಗ್ರಾಮು ಸರಿಯಾಗಿ ಸಿದ್ಧವಾಗಲು ಬೇಕೇಬೇಕಾದ ಸೂಚನೆಗಳನ್ನು ಅದರಲ್ಲಿಡದೆ ಬೇರೆ ಚರದಲ್ಲಿಟ್ಟು, ಕಂಪೈಲರನ್ನು ಕರೆಯುವ ಸಾಲಿನಲ್ಲಿ ಎರಡನ್ನೂ ಹೆಸರಿಸತಕ್ಕದ್ದು. ರಿಯಲ್ ಸಂಖ್ಯೆಯ ಅಗಲವನ್ನಂತೂ ಮೂಲಪಾಠದಲ್ಲಿಯೇ ಬರೆದುಬಿಡಬಹುದು. ಆಗ ಆಜ್ಞಾಸಾಲಿನಿಂದಾಗಿ ಮೇಕ್‌ಫೈಲಿನ ಸೂಚನೆ ಬಿದ್ದುಹೋದರೂ ಅದು ಅಲುಗದು.