ಕಾರಿಗೂ ಜ್ವರ ಬರುತ್ತೆ

ಏಪ್ರಿಲ್ ಬಿಸಿಲಲ್ಲಿ ಆಗುಂಬೆಯ 14 ತಿರುವು ಹತ್ತಿ, ಶಿವಮೊಗ್ಗದ ವಿದ್ಯಾನಗರಕ್ಕೆ ಬಂದವರೇ ಎಲೆಕ್ಟ್ರಿಕ್ ಕಾರನ್ನು ಫಾಸ್ಟ್ ಚಾರ್ಜರ್‌ಗೆ ಹಾಕ್ತೀರಿ. ಚಾರ್ಜ್ ಆಮೆ ಥರ ಏರುತ್ತೆ. ಚಾರ್ಜರ್‌ಗೆ ಬೈಬೇಡಿ ವೀಕ್ಷಕರೇ. ಬ್ಯಾಟರಿ ಕಾದಾಗ ಕಾರಿನ ಕಂಪ್ಯೂಟರೇ ಕರೆಂಟ್ ತಗ್ಗಿಸುತ್ತೆ. ಅದು ರೋಗ ಅಲ್ಲ, ರಕ್ಷಣೆ. ನೆರಳಲ್ಲಿ ನಿಲ್ಲಿಸಿ, ಕಾಫಿ ಕುಡಿದು ಬನ್ನಿ.

ಆದ್ರೆ ಬೆಳಗಿನ ತಂಪಲ್ಲಿ, ಪೇಟೆಯೊಳಗೇ ಓಡಿಸುವಾಗಲೂ ಎಚ್ಚರಿಕೆ ದೀಪ ಹತ್ತಿದ್ರೆ ಅನುಮಾನ ಪಡಲೇಬೇಕು. ನೆಕ್ಸಾನ್ ಇವಿಯಂಥ ಕಾರುಗಳಲ್ಲಿ ಬ್ಯಾಟರಿಯ ಬಿಸಿ ಎಳೆಯೋಕೆ ಕೂಲಂಟ್ ಹರಿಯುತ್ತೆ. ಟ್ಯಾಂಕಿನಲ್ಲಿ ಮಟ್ಟ ಇಳಿದಿದ್ರೆ ಎಲ್ಲೋ ಸೋರಿಕೆ ಇರಬಹುದು. ಮಟ್ಟ ಸರಿಯಿದ್ರೆ ಪಂಪು, ಫ್ಯಾನು, ಸೆನ್ಸರ್ ಪರೀಕ್ಷೆ ಮಾಡಿಸಿ. ನಲ್ಲಿ ನೀರು ಸುರಿಯೋ ಹಳೇ ಚಾಳಿ ಇಲ್ಲಿ ನಡೆಯಲ್ಲ. ಕಿತ್ತಳೆ ಬಣ್ಣದ ಕೇಬಲ್ ಮುಟ್ಟಲೇಬೇಡಿ. ಹೊಗೆ ಕಂಡ್ರೆ ಇಳಿದು ದೂರ ಹೋಗಿ, 112ಕ್ಕೆ ಫೋನ್ ಮಾಡಿ.