ಒಣ ನೆಲದ ಮೇಲೆ ಲೇಸರ್ ಡಯೋಡ್

ಫಾಲ್ಗುಣದ ಒಣ ಮಧ್ಯಾಹ್ನ ಕೋಲಾರದಲ್ಲಾಗಲಿ ಮುಳಬಾಗಿಲಿನಲ್ಲಾಗಲಿ ಪಾಲಿಯೆಸ್ಟರ್ ಅಂಗಿ ಕಳಚಿದರೆ ಚಟಪಟ ಸದ್ದು ಬರುತ್ತದೆ. ಲೇಸರ್ ಡಯೋಡನ್ನು ಕೊಲ್ಲುವುದು ಅದೇ ಸ್ಥಾಯಿ ವಿದ್ಯುತ್ತು. ಅದರ ಚುರುಕು ಚರ್ಮಕ್ಕೆ ತಿಳಿಯಲು ಸುಮಾರು 3000 ವೋಲ್ಟ್ ಬೇಕು. ಹಳೆಯ ಡಿವಿಡಿ ರೈಟರಿನಿಂದ ಬಿಡಿಸಿದ ಕೆಂಪು ಡಯೋಡ್ ಹಿಮ್ಮುಖವಾಗಿ ತಾಳಿಕೊಳ್ಳುವುದು ಸಾಮಾನ್ಯವಾಗಿ 2 ವೋಲ್ಟ್ ಅಷ್ಟೆ. ಪರೀಕ್ಷಾಲಯದ ಲೆಕ್ಕದಲ್ಲಿ ನಮ್ಮ ಮೈ ಎಂದರೆ 100 ಪಿಕೋಫ್ಯಾರಡ್ ಕೆಪಾಸಿಟರು, ಜೊತೆಗೆ 1500 ಓಮ್ ರೋಧ. ಅಂದರೆ 3000 ವೋಲ್ಟ್ ತುಂಬಿದ ಬೆರಳು ತಾಗಿದ ಕ್ಷಣ 2 ಆಂಪಿಯರ್ ನುಗ್ಗುತ್ತದೆ, ಸೆಕೆಂಡಿನ ಕೋಟಿಯಲ್ಲಿ ಒಂದೂವರೆ ಪಾಲಿನಷ್ಟು ಹೊತ್ತು. ಬೆಳಕು ಹೊಮ್ಮುವ ನುಣುಪು ಅಂಚು ಹಾಳಾಗಲು ಅಷ್ಟು ಸಾಕು. ಆಮೇಲೂ ಡಯೋಡ್ ಮಂಕಾಗಿ ಕೆಂಪಗೆ ಉರಿಯುತ್ತದೆ, ಕಿರಣ ಮಾತ್ರ ಹುಟ್ಟುವುದಿಲ್ಲ.

ಮೈಯಲ್ಲಿ ತುಂಬಿದ ಚಾರ್ಜನ್ನು ಮೊದಲೇ ನೆಲಕ್ಕಿಳಿಸಬೇಕು. ಈ ಸೀಮೆಯಲ್ಲಿ ಅರ್ಥಿಂಗ್ ಎಂದರೆ ಗುಂಡಿ, ಇದ್ದಿಲು, ಉಪ್ಪು, ಬೇಸಿಗೆಯಲ್ಲಿ ಸುರಿಯುವ ಬಿಂದಿಗೆ ನೀರು. ಒಣ ಕೆಮ್ಮಣ್ಣು, ಕೆಳಗೆ ಬಂಡೆ. ಕರೆಂಟಿನ ಅಪಾಯ ತಪ್ಪಿಸಲು ಆ ಗುಂಡಿ ಚೆನ್ನಾಗಿರಲೇಬೇಕು. ಸ್ಥಾಯಿ ವಿದ್ಯುತ್ತಿಗಾದರೋ ಮಣ್ಣಿನ ರೋಧ ನೂರಾರು ಓಮ್ ಇದ್ದರೂ ಚಿಂತೆಯಿಲ್ಲ: ಮೈಯನ್ನು ಅರ್ಥಿಂಗಿಗೆ ಜೋಡಿಸುವ ಮಣಿಕಟ್ಟಿನ ಪಟ್ಟಿಯೊಳಗೇ 10 ಲಕ್ಷ ಓಮ್ ಇಟ್ಟಿರುತ್ತಾರೆ. ಅದು ಬೇಕೆಂದೇ ಇಟ್ಟದ್ದು. ಇನ್ನೊಂದು ಕೈ 230 ವೋಲ್ಟಿನ ತಂತಿಗೆ ತಗುಲಿದರೂ ಪಟ್ಟಿಯ ಮೂಲಕ ಕಾಲು ಮಿಲಿಆಂಪಿಯರೂ ಹರಿಯದು. ಮೈಯಲ್ಲಿ ಕೂತ ಚಾರ್ಜಾದರೆ ರೆಪ್ಪೆ ಬಡಿಯುವ ಮೊದಲೇ ಇಳಿದುಹೋಗುತ್ತದೆ. ಎಷ್ಟು ಸೊಗಸಾದ ಉಪಾಯ!

ಮುಖ್ಯವಾದದ್ದು ಗುಂಡಿಯ ಆಳವಲ್ಲ, ಸಮಮಟ್ಟ. ಕೈ, ಮೇಜಿನ ಮ್ಯಾಟು, ಸೋಲ್ಡರಿಂಗ್ ಕಡ್ಡಿಯ ತುದಿ, ಸರ್ಕ್ಯೂಟು, ಎಲ್ಲವೂ ಒಂದೇ ಬಿಂದುವಿಗೆ ಸೇರಬೇಕು. ಒಂದೇ ಮಟ್ಟದ ಎರಡು ಕೆರೆಗಳ ನಡುವೆ ತೂಬು ತೆಗೆದರೂ ನೀರು ಹರಿಯದಲ್ಲ, ಹಾಗೆ. ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಯಿದೆ. 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಅದನ್ನು ವಹಿಸಿಕೊಂಡಿತು. ಇಂಥ ಜೋಡಣೆಯ ಕೆಲಸಕ್ಕೆ ಮ್ಯಾಟು, ಪಟ್ಟಿ ಎಲ್ಲ ಕಾರ್ಖಾನೆಯೇ ಒದಗಿಸುತ್ತದೆ. ಮಾಲೂರಿನಲ್ಲೋ ಶ್ರೀನಿವಾಸಪುರದಲ್ಲೋ ಮನೆಯ ಮೇಜಿನ ಮೇಲೆ ಕೆಲಸ ಮಾಡುವವರು ಆ ಶಿಸ್ತನ್ನು ತಾವೇ ಕಟ್ಟಿಕೊಳ್ಳಬೇಕು.

ಕೆಲಸದ ಕ್ರಮ ನೋಡಿ. ಡಯೋಡನ್ನು ಬಿಡಿಸುವ ಮೊದಲೇ ಅದರ ಕಾಲುಗಳಿಗೆ ತೆಳು ತಾಮ್ರದ ತಂತಿ ಸುತ್ತಿ ಶಾರ್ಟ್ ಮಾಡಬೇಕು. ಅಂಗಿ ಹತ್ತಿಯದಾಗಿರಲಿ. ಎರಡು ಪಿನ್ನಿನ ಅಗ್ಗದ ಸೋಲ್ಡರಿಂಗ್ ಕಡ್ಡಿಯ ತುದಿಗೆ ಕರೆಂಟು ಸೋರಬಹುದು. ಮೂರು ಪಿನ್ನಿನದು ಇಲ್ಲದಿದ್ದರೆ, ಕಾಯಿಸಿ, ಪ್ಲಗ್ ಕಿತ್ತು, ಆಮೇಲೆ ಮುಟ್ಟಿಸಬೇಕು. ಡಯೋಡಿಗೆ ಅಡ್ಡವಾಗಿ ಒಂದು ಕೆಪಾಸಿಟರು, ಎದುರುದಿಕ್ಕಿಗೆ ಒಂದು ಶಾಟ್ಕಿ ಡಯೋಡ್ ಹಾಕಿದರೆ ಅವೇ ಕಾವಲು. ಡಯೋಡಿಗೆ ಕರೆಂಟು ಕೊಡುವ ಡ್ರೈವರ್ ಸರ್ಕ್ಯೂಟಿನ ಕೆಪಾಸಿಟರಿನಲ್ಲಿ ಉಳಿದ ಚಾರ್ಜನ್ನು ರೆಸಿಸ್ಟರಿನಿಂದ ಖಾಲಿ ಮಾಡದೆ ಜೋಡಿಸಲೇಬಾರದು. ತಾಮ್ರದ ತಂತಿ ಬಿಚ್ಚುವುದು ಎಲ್ಲಕ್ಕಿಂತ ಕೊನೆಗೆ, ಸ್ವಿಚ್ ಹಾಕುವ ಮೊದಲು. ಆ ಹೊತ್ತಿಗೆ 650 ನ್ಯಾನೋಮೀಟರಿನ ಕೆಂಪು ತಡೆಯುವ ಕನ್ನಡಕ ಕಣ್ಣಿಗೆ ಏರಿರಬೇಕು: ರೈಟರಿನ ಡಯೋಡ್ 100 ಮಿಲಿವಾಟ್ ದಾಟಬಲ್ಲದು.