ವಿಳಾಸದಲ್ಲಿ ನಮ್ಮ ಹೆಸರು

ನಾನು ಬಿ.ಕಾಂ. ವಿದ್ಯಾರ್ಥಿ. ಜಮಾ-ಖರ್ಚು ಬರೆಯೋವನಿಗೆ ಈ ಕಂಪ್ಯೂಟರಿನ ಉಸಾಬರಿ ಯಾಕಪ್ಪ ಅಂತ ನೀವು ಕೇಳಬಹುದು. ನಮ್ಮ ಸಂಘದ ಸದಸ್ಯರಿಗೆಲ್ಲ ಜಾಲದಲ್ಲಿ ಒಂದೊಂದು ಪುಟ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ಆಗ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ನಾನು ಬಳಸಿದ್ದು ಜಾಂಗೋ ಎಂಬ ಚೌಕಟ್ಟು. ಪೈಥಾನ್ ಭಾಷೆಯಲ್ಲಿ ಬರೆದದ್ದು. ಅಮೆರಿಕದ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ ಹುಟ್ಟಿ, 2005ರಲ್ಲಿ ಎಲ್ಲರ ಕೈಗೂ ಬಂತು. ಇದರಲ್ಲಿ ವಿಳಾಸಗಳ ಒಂದು ಪಟ್ಟಿ ಇರುತ್ತದೆ. ಯಾರಾದರೂ ಪುಟ ಕೇಳಿದರೆ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತದೆ. ಮೊದಲು ಹೊಂದಿದ ಸಾಲಿನಲ್ಲೇ ನಿಂತು, ಆ ಸಾಲಿಗೆ ಗೊತ್ತುಮಾಡಿದ ಕೆಲಸ ಮಾಡುತ್ತದೆ.

ಮೊದಲು ನಾನು ಕೊಟ್ಟದ್ದು ಲೆಡ್ಜರಿನ ಪುಟಸಂಖ್ಯೆಯಂತೆ ಬರೀ ನಂಬರು: 'ಸದಸ್ಯ/17'. ಕೆಲಸವೇನೋ ಆಯಿತು. ಆದರೆ 17 ಅಂದರೆ ಯಾರು? ಹೆಸರೇ ಇರಲಿ ಅಂತ ಎಲ್ಲರೂ ಹೇಳಿದರು.

ಹೆಸರಿಟ್ಟರೆ ಮೂರು ಎಚ್ಚರ ಬೇಕು. ಒಂದು, ಒಂದೇ ವಿಳಾಸ ಇಬ್ಬರಿಗೆ ಇರಬಾರದು. ಆ ಕಾಲಂ ಅನನ್ಯವೆಂದು ದತ್ತಾಂಶದ ಕೋಷ್ಟಕದಲ್ಲೇ ಬರೆಯಬೇಕು. ಎರಡು, ಹೆಸರಿನ ಸಾಲು ಪಟ್ಟಿಯ ಕೊನೆಗಿರಬೇಕು. ಮೇಲಿಟ್ಟರೆ 'ಪ್ರವೇಶ' ಎಂಬ ಲಾಗಿನ್ ಪುಟ ಕೇಳಿದಾಗಲೂ ಆ ಹೆಸರಿನ ಸದಸ್ಯನನ್ನು ಹುಡುಕುತ್ತದೆ. ಕೊನೆಗಿಟ್ಟರೆ, ನಿಜವಾಗಿ ಆ ಹೆಸರಿನವನಿದ್ದರೆ ಅವನ ಪುಟವೇ ತೆರೆಯದು. ಆದ್ದರಿಂದ ಅಂಥ ಪದಗಳನ್ನು ಮೊದಲೇ ನಿಷೇಧಿಸಬೇಕು. ಮೂರು, ವಿಳಾಸ ಬೀಗವಲ್ಲ. ಪುಟ ತಿದ್ದುವವನು ಅದರ ಒಡೆಯನೇ ಹೌದಾ ಅಂತ ಬೇರೆಯಾಗಿಯೇ ಪರೀಕ್ಷಿಸಬೇಕು.

ಇಷ್ಟಾದ ಮೇಲೆ ಕನ್ನಡದ ಕಥೆ ಶುರುವಾಯಿತು. ಹೆಸರನ್ನು ವಿಳಾಸವಾಗಿ ಮಾಡಲು ಜಾಂಗೋದಲ್ಲಿ ಸ್ಲಗಿಫೈ ಎಂಬ ಸಿದ್ಧ ಸಾಧನವಿದೆ. ಕನ್ನಡ ಹೆಸರು ಕೊಟ್ಟೆ, ಖಾಲಿ ಬಂತು! ತಾನಾಗಿಯೇ ಅದು ಇಂಗ್ಲಿಷ್ ಅಕ್ಷರಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಯೂನಿಕೋಡಿಗೆ ಅನುಮತಿ ಕೊಡುವ ಸೌಲಭ್ಯ 2015ರಲ್ಲಿ ಸೇರಿತು. ಅದನ್ನು ಬಳಸಿ 'ಶ್ರೀನಿವಾಸ' ಅಂತ ಕೊಟ್ಟೆ. 'ಶರನವಸ' ಅಂತ ಬಂತು. ಹಾಸ್ಟೆಲ್ಲಿನಲ್ಲಿ ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ರಾಮ, ರಮಾ, ರಾಮು ಮೂವರೂ 'ರಮ' ಆಗಿಬಿಟ್ಟಿದ್ದರು. ಮೊದಲು ಬಂದವನಿಗೆ ವಿಳಾಸ, ಉಳಿದಿಬ್ಬರಿಗೆ ಇಲ್ಲ!

ಕಾರಣ ಸರಳ. ಪೈಥಾನಿನ ಲೆಕ್ಕದಲ್ಲಿ ಪದ ಅಂದರೆ ಅಕ್ಷರ, ಅಂಕಿ, ಅಡಿಗೆರೆ. ನಮ್ಮ ಕೊಂಬು, ಇಳಿ, ದೀರ್ಘ, ಒತ್ತು ಕೊಡುವ ಅರ್ಧಾಕ್ಷರದ ಗುರುತು — ಇವು ಯೂನಿಕೋಡಿನಲ್ಲಿ ಅಕ್ಷರಗಳಲ್ಲ, 'ಗುರುತು' ಎಂಬ ಬೇರೆ ವರ್ಗ. ಹೀಗಾಗಿ ಕಸವೆಂದು ಗುಡಿಸಿಹೋಗುತ್ತವೆ. 'ಕಮಲ', 'ಭರತ' ಮಾತ್ರ ಬಚಾವು.

ಪರಿಹಾರವೂ ಇದೆ. ವಿಳಾಸಕ್ಕೆ ಸ್ವಂತ ನಮೂನೆಯನ್ನು ನೋಂದಾಯಿಸಲು ಜಾಂಗೋ ಬಿಡುತ್ತದೆ. ಯೂನಿಕೋಡಿನ ಕನ್ನಡ ವಿಭಾಗದ 128 ಸ್ಥಾನಗಳೂ ಅಡ್ಡಗೆರೆಯೂ ನಡೆಯುತ್ತವೆ ಅಂತ ಬರೆದೆ. ಸ್ಲಗಿಫೈ ಬಿಟ್ಟು, ಖಾಲಿ ಜಾಗಕ್ಕೆ ಅಡ್ಡಗೆರೆ ಹಾಕುವ ನಾಲ್ಕು ಸಾಲು ನಾನೇ ಬರೆದೆ. ಒಂದು ತೊಡಕು ಉಳಿಯಿತು: ವಿಳಾಸವನ್ನು ನಕಲು ಮಾಡಿದರೆ ಎಷ್ಟೋ ಸಲ ಶೇಕಡಾ ಚಿಹ್ನೆಗಳ ಸಾಲೇ ಬರುತ್ತದೆ. ಒಂದು ಕನ್ನಡ ಸಂಕೇತಕ್ಕೆ 3 ಬೈಟು, ಒಂದು ಬೈಟಿಗೆ 3 ಗುರುತು; 'ಶ್ರೀನಿವಾಸ'ದ 9 ಸಂಕೇತಕ್ಕೆ 81! ಬ್ರೌಸರಿನ ವಿಳಾಸಪಟ್ಟಿಯಲ್ಲಿ ಮಾತ್ರ ಚೆಂದವಾಗಿ ಕನ್ನಡವೇ ಕಾಣುತ್ತದೆ.

ತಾಳವಾಡಿ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ಚೆನ್ನೈಗೆ ಬಂದವನು ನಾನು. ಇಲ್ಲಿ ನನ್ನ ಹೆಸರನ್ನು ಇಂಗ್ಲಿಷಿನಲ್ಲೋ ತಮಿಳಿನಲ್ಲೋ ಬರೆಯುವುದೇ ರೂಢಿ, ಅದಕ್ಕೆ ಬೇಸರವಿಲ್ಲ. ಆದರೆ ಕನ್ನಡದಲ್ಲೇ ಬರೆದಾಗ ಒತ್ತು, ದೀರ್ಘ ಬಿಟ್ಟುಹೋದರೆ ಅದು ನನ್ನ ಹೆಸರಾಗಿ ಉಳಿಯುತ್ತದೆಯೇ? ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಕಾಗುಣಿತ ತಿದ್ದಿಸಿದ್ದು ಸುಮ್ಮನೆ ಅಲ್ಲ ಅಂತ ಈಗ ಗೊತ್ತಾಯಿತು.

ನಿಮ್ಮ ನಿಮ್ಮ ಪುಟ ತೆರೆದು ಹೆಸರು ಸರಿಯಿದೆಯಾ ನೋಡಿಕೊಳ್ಳಿ. ತಪ್ಪಿದ್ದರೆ ಬಲ್ಲವರು ತಿದ್ದಿ.